ಹಾರ್ಟ್ ಅಟ್ಯಾಕ್ ಶ್ರೀಮಂತರ ಕಾಯಿಲೆನಾ? ಉತ್ತರಕ್ಕೆ ವಿರ್ಚೋ ಎಂಬ ಡಾಕ್ಟರ ಬದುಕು ಓದಿ

ಹೃದಯದ ಬಗ್ಗೆ ನಮ್ಮ ಫ್ಯಾಮಿಲಿ ಗ್ರೂಪುಗಳಿಗೆ ಬರುವ ಫಾರ್ವರ್ಡ್‌ಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಊಟದ ಮೇಲೆ ತಣ್ಣೀರು ಕುಡಿದರೆ ಹಾರ್ಟ್ ಅಟ್ಯಾಕ್ ಆಗುತ್ತದಂತೆ. ಬಿಸಿನೀರು ಕುಡಿದರೆ ರಕ್ತನಾಳದ ಬ್ಲಾಕ್ ಕರಗುತ್ತದಂತೆ. ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಾ ಇದ್ದರೆ ಜೀವ ಉಳಿಯುತ್ತದಂತೆ. ಇವೆಲ್ಲದರ ಹಿಂದೆ ಯಾರೂ ಫಾರ್ವರ್ಡ್ ಮಾಡದೆಯೂ ಎಲ್ಲರ ತಲೆಯಲ್ಲಿ ಕೂತಿರುವ ಇನ್ನೊಂದು ನಂಬಿಕೆ ಇದೆ. ಹಾರ್ಟ್ ಅಟ್ಯಾಕ್ ಅಂದರೆ ತುಪ್ಪ ತಿಂದು, ಎಸಿ ರೂಮಿನಲ್ಲಿ ಕೂತು, ಕಾರಿನಲ್ಲಿ ಓಡಾಡುವವರಿಗೆ ಬರುವ ಕಾಯಿಲೆ. ಮೈಮುರಿದು ದುಡಿಯುವವರ ಹತ್ತಿರ ಅದು ಸುಳಿಯುವುದಿಲ್ಲ ಅನ್ನುವುದು ಆ ನಂಬಿಕೆ.

ಕಲಬುರಗಿಯ ಮೋಮಿನಪುರದಲ್ಲಿ ದಿನವಿಡೀ ಆಟೋ ಓಡಿಸುವವರು, ಕಮಲಾಪುರದ ಕಡೆ ತೊಗರಿ ಹೊಲದಲ್ಲಿ ಕೂಲಿ ಮಾಡುವವರು ಇದನ್ನು ನಂಬಿದರೆ ಅದರ ಬೆಲೆ ದೊಡ್ಡದು. ಎದೆ ಹಿಂಡಿದ ಹಾಗಾದಾಗ ಗ್ಯಾಸ್ ಇರಬೇಕು ಅಂದುಕೊಂಡು ಸೋಡಾ ಕುಡಿದು ಮಲಗುತ್ತಾರೆ. ಬೆಳಗಾಗಲಿ ನೋಡೋಣ ಅನ್ನುತ್ತಾರೆ. ಹೃದಯದ ವಿಷಯದಲ್ಲಿ ಬೆಳಗಾಗುವವರೆಗಿನ ಸಮಯ ತುಂಬಾ ದೊಡ್ಡದು.

ಈ ನಂಬಿಕೆ ಎಷ್ಟು ನಿಜ, ಎಷ್ಟು ಸುಳ್ಳು ಅಂತ ತಿಳಿಯಲು ನಾವು ಈ ಸಲ ಒಬ್ಬ ವೈದ್ಯನ ಜೀವನ ಕಥೆ ಹೇಳುತ್ತೇವೆ. ಅವರ ಹೆಸರು ರುಡಾಲ್ಫ್ ವಿರ್ಚೋ. ತೀರಿಕೊಂಡು 120 ವರ್ಷಗಳ ಮೇಲಾಗಿದೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶ ಸಿದ್ಧಾಂತದ ಪಾಠ ಓದಿದವರೆಲ್ಲ ಈ ಹೆಸರು ಒಮ್ಮೆ ಬಾಯಿಪಾಠ ಮಾಡಿ ಮರೆತಿರುತ್ತಾರೆ. ಆದರೆ ಪಾಠದಲ್ಲಿ ಬರದ ಎರಡು ಕೆಲಸಗಳನ್ನು ಅವರು ಮಾಡಿದ್ದರು. ರಕ್ತನಾಳದೊಳಗೆ ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಅನ್ನುವುದನ್ನು ಬಿಡಿಸಿ ತೋರಿಸಿದರು. ಬಡತನ ಹೇಗೆ ಕಾಯಿಲೆಯಾಗಿ ಮೈಯೊಳಗೆ ಇಳಿಯುತ್ತದೆ ಅನ್ನುವುದನ್ನೂ ಬರೆದಿಟ್ಟರು. ಈ ಎರಡು ಕೆಲಸಗಳು ಒಂದಕ್ಕೊಂದು ಸೇರಿದ್ದು ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ. ಅದರಲ್ಲಿ ನಮ್ಮ ಮೈಸೂರು, ಬೆಂಗಳೂರುಗಳ ಪಾಲೂ ಇದೆ.

ಸರ್ಕಾರಿ ಖರ್ಚಿನಲ್ಲಿ ಓದಿದ ಹುಡುಗ

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಆಗಿನ ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತ್ಯದ ಒಂದು ಪುಟ್ಟ ಊರಲ್ಲಿ. ಆ ಊರು ಈಗ ಪೋಲೆಂಡ್ ದೇಶದಲ್ಲಿದೆ. ಮನೆಗೆ ಒಬ್ಬನೇ ಮಗ. ತಂದೆ ಬೇಸಾಯ ಮಾಡುತ್ತಾ ಊರಿನ ಖಜಾನೆಯ ಲೆಕ್ಕ ನೋಡಿಕೊಳ್ಳುತ್ತಿದ್ದರು. ಮಗನನ್ನು ಸ್ವಂತ ದುಡ್ಡಿನಲ್ಲಿ ಡಾಕ್ಟರ್ ಮಾಡುವಷ್ಟು ಅನುಕೂಲ ಮನೆಯಲ್ಲಿ ಇರಲಿಲ್ಲ.

ಆಗ ಬರ್ಲಿನ್‌ನಲ್ಲಿ ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಒಂದು ಸಂಸ್ಥೆ ಇತ್ತು. ಬುದ್ಧಿವಂತ ಹುಡುಗರಿಗೆ ಅಲ್ಲಿ ಓದು ಉಚಿತ. ಓದಿದ ಮೇಲೆ ಸೈನ್ಯದಲ್ಲಿ ಸೇವೆ ಮಾಡಬೇಕು, ಅಷ್ಟೇ. 1839ರಲ್ಲಿ ವಿರ್ಚೋ ಅಲ್ಲಿ ಸೇರಿದರು. 1843ರಲ್ಲಿ ವೈದ್ಯರಾದರು. ನಂತರ ಬರ್ಲಿನ್‌ನ ದೊಡ್ಡ ಆಸ್ಪತ್ರೆ ಶಾರಿಟೆಯಲ್ಲಿ, ಸತ್ತವರ ದೇಹ ಪರೀಕ್ಷಿಸಿ ಸಾವಿಗೆ ಕಾರಣ ಹುಡುಕುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಆ ಆಸ್ಪತ್ರೆ ಇವತ್ತಿಗೂ ಇದೆ.

ಹೆಪ್ಪುಗಟ್ಟಿದ ರಕ್ತ ಎಲ್ಲಿಂದ ಬಂತು?

ಆ ಕಾಲದ ವೈದ್ಯರಿಗೆ ಒಂದು ವಿಷಯ ಬಿಡಿಸಲಾಗದ ಗಂಟಾಗಿತ್ತು. ಕೆಲವರು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಸಾಯುತ್ತಿದ್ದರು. ದೇಹ ಕೊಯ್ದು ನೋಡಿದರೆ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿರುತ್ತಿತ್ತು. ರಕ್ತನಾಳಕ್ಕೆ ಅಲ್ಲೇ ಉರಿಯೂತ ಆಗಿ ರಕ್ತ ಅಲ್ಲೇ ಹೆಪ್ಪುಗಟ್ಟಿದೆ ಅನ್ನುವುದು ಆಗಿನ ದೊಡ್ಡವರ ಅಭಿಪ್ರಾಯ.

ಇಪ್ಪತ್ತೈದರ ಆಸುಪಾಸಿನ ವಿರ್ಚೋ ಇದನ್ನು ಒಪ್ಪಲಿಲ್ಲ. ದೇಹಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ, ಹೀಗೆ ಸತ್ತವರಲ್ಲಿ ಹಲವರಿಗೆ ಕಾಲಿನ ಅಥವಾ ಸೊಂಟದ ಭಾಗದ ರಕ್ತನಾಳಗಳಲ್ಲೂ ಹೆಪ್ಪು ಇರುವುದು ಕಂಡಿತು. ಅಲ್ಲಿಂದ ಒಂದು ತುಂಡು ಕಳಚಿಕೊಂಡು, ರಕ್ತದ ಜೊತೆ ತೇಲುತ್ತಾ ಹೃದಯ ದಾಟಿ ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅವರು ಊಹಿಸಿದರು. ನಾಯಿಗಳ ಕುತ್ತಿಗೆಯ ರಕ್ತನಾಳದಲ್ಲಿ ರಬ್ಬರ್ ಚೂರುಗಳನ್ನು ಬಿಟ್ಟು, ಅವು ಶ್ವಾಸಕೋಶದವರೆಗೆ ಹೋಗಿ ನಿಲ್ಲುವುದನ್ನು ತೋರಿಸಿ ಊಹೆಯನ್ನು ಸಾಬೀತು ಮಾಡಿದರು. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದಕ್ಕೆ ಥ್ರಾಂಬೋಸಿಸ್, ಹೆಪ್ಪು ಕಳಚಿ ಬೇರೆ ಕಡೆ ಹೋಗಿ ಅಡ್ಡಗಟ್ಟುವುದಕ್ಕೆ ಎಂಬಾಲಿಸಂ ಅಂತ ಹೆಸರಿಟ್ಟವರೂ ಅವರೇ. ಇವತ್ತು ಯಾವುದೇ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಆ ಪದಗಳು ಕಂಡರೆ ಅವು ವಿರ್ಚೋ ಬಿಟ್ಟುಹೋದ ಆಸ್ತಿ.

ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು. ಇದಕ್ಕೆ ವಿರ್ಚೋ ತ್ರಿಕೂಟ ಅಂತ ಹೆಸರು. ಆ ಹೆಸರು ಕೊಟ್ಟು ಮೂರನ್ನೂ ಹೀಗೆ ಒಟ್ಟು ಮಾಡಿದವರು ನಂತರದವರು. ವಿಚಾರದ ಬೀಜ ಮಾತ್ರ ಅವರದು.

ಇಲ್ಲಿ ಬಿಸಿನೀರಿನ ಫಾರ್ವರ್ಡ್‌ಗೂ ಉತ್ತರ ಸಿಗುತ್ತದೆ. ಹಾರ್ಟ್ ಅಟ್ಯಾಕ್ ಆದಾಗ ಸಾಮಾನ್ಯವಾಗಿ ನಡೆಯುವುದು ಇದು: ಹೃದಯಕ್ಕೆ ರಕ್ತ ಕೊಡುವ ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಂಟು ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನಾವು ಕುಡಿದ ಬಿಸಿನೀರು ಹೋಗುವುದು ಹೊಟ್ಟೆಗೆ. ರಕ್ತದ ಬಿಸಿ ಹೆಚ್ಚುಕಡಿಮೆ 37 ಡಿಗ್ರಿಯಲ್ಲೇ ಇರುತ್ತದೆ. ಆ ಹೆಪ್ಪನ್ನು ಕರಗಿಸಲು ಇಂಜೆಕ್ಷನ್ ಬೇಕು, ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಿ ದಾರಿ ಬಿಡಿಸಬೇಕು. ಬಿಸಿನೀರಿಗೆ ಆ ಶಕ್ತಿ ಇಲ್ಲ.

ಹಸಿದ ಊರಿನಲ್ಲಿ ಮೂರು ವಾರ

1848ರ ಆರಂಭ. ಪ್ರಷ್ಯಾದ ಅಂಚಿನಲ್ಲಿದ್ದ ಅಪ್ಪರ್ ಸೈಲೇಶಿಯಾ ಪ್ರದೇಶದಲ್ಲಿ ಟೈಫಸ್ ಜ್ವರ ಜನರನ್ನು ಸಾಲುಸಾಲಾಗಿ ಕೊಲ್ಲುತ್ತಿತ್ತು. ಅಲ್ಲಿನ ಬಹುಪಾಲು ಜನ ಪೋಲಿಷ್ ಭಾಷೆ ಆಡುವ ಬಡವರು. ಆಲೂಗಡ್ಡೆ ಬೆಳೆ ಕೆಟ್ಟು ಬರ ಬಿದ್ದಿತ್ತು. ಅಧಿಕಾರಿಗಳ ಭಾಷೆ ಜರ್ಮನ್. ಜನ ಹೇಳುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರು ಹೇಳುವುದು ಜನಕ್ಕೆ ತಿಳಿಯುತ್ತಿರಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಜೋರಾದ ಮೇಲೆ ಸರ್ಕಾರ ಪರಿಶೀಲನೆಗೆ ಜನರನ್ನು ಕಳಿಸಿತು. ಹೋದವರಲ್ಲಿ 26 ವರ್ಷದ ವಿರ್ಚೋ ಒಬ್ಬರು. ಫೆಬ್ರವರಿ 20ರಂದು ಬರ್ಲಿನ್ ಬಿಟ್ಟ ಅವರು ಸುಮಾರು ಮೂರು ವಾರ ಮನೆಮನೆ ಸುತ್ತಿದರು. ಜನ ಏನು ತಿನ್ನುತ್ತಾರೆ, ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ, ಜಮೀನು ಯಾರ ಕೈಯಲ್ಲಿದೆ, ಶಾಲೆ ಎಷ್ಟು ದೂರ ಅನ್ನುವುದನ್ನೆಲ್ಲ ಬರೆದುಕೊಂಡರು.

ಸರ್ಕಾರ ಔಷಧದ ಪಟ್ಟಿಯನ್ನು ಕಾಯುತ್ತಿತ್ತು. ವಿರ್ಚೋ ಕೊಟ್ಟ ವರದಿಯಲ್ಲಿ ಬೇರೆಯೇ ಪಟ್ಟಿ ಇತ್ತು. ಜನರಿಗೆ ಆಡಳಿತದಲ್ಲಿ ಪೂರ್ತಿ ಹಕ್ಕು ಕೊಡಿ, ಅವರದೇ ಭಾಷೆಯಲ್ಲಿ ಶಾಲೆ ನಡೆಸಿ, ರಸ್ತೆ ಮಾಡಿಸಿ, ತೆರಿಗೆಯ ಹೊರೆಯನ್ನು ಬಡವರಿಂದ ಇಳಿಸಿ ಉಳ್ಳವರ ಮೇಲೆ ಹಾಕಿ, ಬೇಸಾಯ ಸುಧಾರಿಸಿ ಅಂತ ಅವರು ಶಿಫಾರಸು ಮಾಡಿದರು. ಜ್ವರಕ್ಕೆ ಕಾರಣ ಗಾಳಿಯಲ್ಲೋ ಜನರ ಹಣೆಬರಹದಲ್ಲೋ ಇಲ್ಲ, ಅವರನ್ನು ಹಸಿವಿನಲ್ಲಿ, ಕೊಳಕಿನಲ್ಲಿ, ಅಕ್ಷರವಿಲ್ಲದೆ ಬಿಟ್ಟ ಆಡಳಿತದಲ್ಲಿದೆ ಅನ್ನುವುದು ವರದಿಯ ಒಟ್ಟು ಸಾರ. ವೈದ್ಯಶಾಸ್ತ್ರ ಸಮಾಜವನ್ನೂ ಓದಬೇಕು, ಬಡವರ ಪರ ವಾದಿಸುವುದು ವೈದ್ಯರ ಕೆಲಸವೇ ಅನ್ನುವ ನಿಲುವನ್ನು ಅವರು ಆಮೇಲೆ ಜೀವನಪೂರ್ತಿ ಬಿಡಲಿಲ್ಲ.

ಟೈಫಸ್ ಹರಡುವುದು ಬಟ್ಟೆಯ ಹೇನಿನಿಂದ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 1909ರಲ್ಲಿ. ಆದರೆ ಹೇನು ಯಾರ ಮೈಮೇಲೆ ಸೇರುತ್ತದೆ? ಬದಲಿಸಲು ಇನ್ನೊಂದು ಜೊತೆ ಬಟ್ಟೆ ಇಲ್ಲದವರ ಮೇಲೆ, ಚಳಿಗೆ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವವರ ಮೇಲೆ. ರೋಗಾಣು ಗೊತ್ತಿಲ್ಲದೆಯೂ ರೋಗದ ದಾರಿಯನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ಕಲಬುರಗಿಯಿಂದ. ಒತ್ತೊತ್ತಾದ ಓಣಿಗಳಲ್ಲಿ ಇರುವವರಿಗೆ ಅಂತರ ಕಾಯ್ದುಕೊಳ್ಳಿ ಅನ್ನುವ ಸಲಹೆ ಎಷ್ಟು ಕಷ್ಟದ್ದು ಅಂತ ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ.

ಕೆಲಸ ಹೋಯಿತು, ಜೀವಕೋಶ ಸಿಕ್ಕಿತು

ವಿರ್ಚೋ ಬರ್ಲಿನ್‌ಗೆ ಮರಳಿದ ಕೆಲವೇ ದಿನಗಳಲ್ಲಿ ಅಲ್ಲಿ ಕ್ರಾಂತಿ ಶುರುವಾಯಿತು. ಬೀದಿಗಳಲ್ಲಿ ತಡೆಗೋಡೆ ಕಟ್ಟಿದವರ ಜೊತೆ ಅವರೂ ನಿಂತರು. ಜುಲೈಯಿಂದ ವೈದ್ಯಕೀಯ ಸುಧಾರಣೆಗಾಗಿಯೇ ಒಂದು ವಾರಪತ್ರಿಕೆ ನಡೆಸಿದರು. ಕ್ರಾಂತಿ ಸೋತಿತು. 1849ರಲ್ಲಿ ಸರ್ಕಾರ ಅವರನ್ನು ಕೆಲಸದಿಂದ ಅಮಾನತು ಮಾಡಿತು. ಆಮೇಲೆ ಷರತ್ತು ಹಾಕಿ ವಾಪಸ್ ಕರೆದರೂ ಅವರು ಬರ್ಲಿನ್ ಬಿಟ್ಟು ವ್ಯುರ್ತ್ಸ್‌ಬುರ್ಗ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಹೊರಟರು.

ಅಲ್ಲಿ ಕಳೆದ ಏಳು ವರ್ಷಗಳಲ್ಲಿ ಅವರ ದೊಡ್ಡ ಕೆಲಸ ನಡೆಯಿತು. ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಅನ್ನುವ ತತ್ವವನ್ನು 1855ರಲ್ಲಿ ಪ್ರಕಟಿಸಿದರು. ಕಾಯಿಲೆ ಅಂದರೆ ಜೀವಕೋಶಗಳಲ್ಲಿ ಆಗುವ ಕೆಡುಕು ಅನ್ನುವ ವಿಚಾರವನ್ನು 1858ರ ಪುಸ್ತಕದಲ್ಲಿ ವಿವರಿಸಿದರು. ಇಲ್ಲೊಂದು ಮಾತು ಸೇರಿಸಬೇಕು. ಜೀವಕೋಶ ಒಡೆದು ಎರಡಾಗುತ್ತದೆ ಅಂತ ಅವರಿಗಿಂತ ಮೊದಲೇ ತೋರಿಸಿದ್ದವರು ರಾಬರ್ಟ್ ರೆಮಾಕ್. ವಿರ್ಚೋ ಅವರಿಗೆ ಸಲ್ಲಬೇಕಾದ ಹೆಸರನ್ನು ಸರಿಯಾಗಿ ಕೊಡಲಿಲ್ಲ. ರೆಮಾಕ್ ಯಹೂದಿ. ಆ ಕಾರಣಕ್ಕೆ ಪೂರ್ಣ ಪ್ರಾಧ್ಯಾಪಕ ಹುದ್ದೆಯೂ ಅವರಿಗೆ ಸಿಗಲಿಲ್ಲ. ಅಸಮಾನತೆ ಪ್ರಯೋಗಾಲಯದೊಳಗೂ ಇತ್ತು.

ಇದೇ ವರ್ಷಗಳಲ್ಲಿ ವಿರ್ಚೋ ರಕ್ತನಾಳಗಳ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನಾಳದ ಒಳಗೋಡೆ ದಪ್ಪವಾಗಿ ಅದರಲ್ಲಿ ಕೊಬ್ಬು ಸೇರುವುದನ್ನು ಆಗಿನ ಕೆಲವರು ಮುದಿತನದ ಸವಕಳಿ ಅಂದುಕೊಂಡಿದ್ದರು. ಅದು ಗೋಡೆಯೊಳಗೆ ನಿಧಾನವಾಗಿ ನಡೆಯುವ ಉರಿಯೂತ ಅಂತ ವಿರ್ಚೋ ವಾದಿಸಿದರು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಇದೇ ರೀತಿಯ ಗಂಟುಗಳನ್ನು ತೋರಿಸಿದರು. ನಂತರ ಎಲ್ಲರ ಗಮನ ಕೊಲೆಸ್ಟ್ರಾಲ್ ಕಡೆ ಹೋಯಿತು. ಅದು ತಪ್ಪಲ್ಲ, ಕೊಲೆಸ್ಟ್ರಾಲ್ ದೊಡ್ಡ ಕಾರಣವೇ. ಆದರೆ 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಎಂಬ ಪ್ರಯೋಗದಲ್ಲಿ, ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸುವ ಔಷಧ ಕೊಟ್ಟಾಗಲೂ ಮತ್ತೆ ಅಟ್ಯಾಕ್ ಆಗುವುದು ಕಡಿಮೆಯಾಯಿತು. ವಿರ್ಚೋ ಹೇಳಿದ್ದರಲ್ಲಿ ಹುರುಳಿತ್ತು.

ಚರಂಡಿ ಹಾಕಿಸಿದ ಪ್ರೊಫೆಸರ್

1856ರಲ್ಲಿ ಬರ್ಲಿನ್ ಅವರನ್ನು ಗೌರವದಿಂದ ವಾಪಸ್ ಕರೆಸಿಕೊಂಡಿತು. 1859ರಲ್ಲಿ ನಗರಸಭೆಗೆ ಆಯ್ಕೆಯಾದ ಅವರು ಸಾಯುವವರೆಗೆ ಅದರ ಸದಸ್ಯರಾಗಿದ್ದರು. ಆ ನಗರದಲ್ಲಿ ಆಗ ಕೊಳಚೆ ನೀರು ಬೀದಿ ಬದಿಯ ತೆರೆದ ಚರಂಡಿಗಳಲ್ಲಿ ಹರಿಯುತ್ತಿತ್ತು. ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರ್ ರೂಪಿಸಿದ ಒಳಚರಂಡಿ ಯೋಜನೆಯ ಹಿಂದೆ ನಿಂತು 1870ರ ದಶಕದಲ್ಲಿ ಅದನ್ನು ಜಾರಿ ಮಾಡಿಸಿದವರಲ್ಲಿ ವಿರ್ಚೋ ಮುಖ್ಯರು. ನಗರಸಭೆಯ ಆಸ್ಪತ್ರೆಗಳಿಗಾಗಿ, ಮಾರುಕಟ್ಟೆಗೆ ಬರುವ ಮಾಂಸದ ತಪಾಸಣೆಗಾಗಿ ವರ್ಷಗಟ್ಟಲೆ ಹೋರಾಡಿದರು. ಪ್ರಷ್ಯಾದ ಶಾಸನಸಭೆಯಲ್ಲಿ, ಆಮೇಲೆ ಜರ್ಮನಿಯ ಸಂಸತ್ತಿನಲ್ಲೂ ಕೂತರು.

ಅವರ ಬಗ್ಗೆ ಇಂಟರ್ನೆಟ್‌ನಲ್ಲಿ ಓಡಾಡುವ ಒಂದು ಕಥೆ ನಿಮಗೂ ಬಂದಿರಬಹುದು. ಜರ್ಮನಿಯ ಉಕ್ಕಿನ ಮನುಷ್ಯ ಬಿಸ್ಮಾರ್ಕ್ ಅವರನ್ನು ದ್ವಂದ್ವ ಯುದ್ಧಕ್ಕೆ ಕರೆದನಂತೆ. ವಿರ್ಚೋ ಆಯುಧವಾಗಿ ಎರಡು ಹಂದಿಮಾಂಸದ ಸಾಸೇಜ್ ಆರಿಸಿದರಂತೆ, ಒಂದರಲ್ಲಿ ಹುಳು ತುಂಬಿತ್ತಂತೆ, ಯಾವುದನ್ನಾದರೂ ತಿನ್ನು ಅಂದಾಗ ಬಿಸ್ಮಾರ್ಕ್ ಹಿಂದೆ ಸರಿದನಂತೆ. ಓದಲು ಮಜಾ ಇದೆ. ನಿಜ ಇಷ್ಟು: 1865ರಲ್ಲಿ ಬಜೆಟ್ ಚರ್ಚೆಯಲ್ಲಿ ಜಗಳವಾಗಿ ಬಿಸ್ಮಾರ್ಕ್ ದ್ವಂದ್ವಕ್ಕೆ ಕರೆದದ್ದು ಹೌದು. ವಿರ್ಚೋ ಒಪ್ಪಲಿಲ್ಲ, ವಿಷಯ ಅಲ್ಲಿಗೆ ಮುಗಿಯಿತು. ಸಾಸೇಜ್ ಕಥೆಗೆ ಆ ಕಾಲದ ಪುರಾವೆ ಇಲ್ಲ.

ಜರ್ಮನರದು ಶುದ್ಧ ಜನಾಂಗ ಅನ್ನುವ ಜಂಬ ಬೆಳೆಯುತ್ತಿದ್ದ ಕಾಲ ಅದು. ವಿರ್ಚೋ ಸುಮಾರು 67 ಲಕ್ಷ ಶಾಲಾ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣದ ಲೆಕ್ಕ ತೆಗೆಸಿದರು. ಎಲ್ಲ ಕಡೆ ಎಲ್ಲ ಬಣ್ಣಗಳೂ ಬೆರೆತಿದ್ದವು. ಶುದ್ಧ ಜನಾಂಗ ಅನ್ನುವುದು ಕಟ್ಟುಕಥೆ ಅಂತ ಅಂಕಿಅಂಶಗಳೇ ಹೇಳಿದವು.

ಅವರು ಎಲ್ಲ ವಿಷಯದಲ್ಲೂ ಸರಿಯಾಗಿದ್ದರು ಅಂತ ಅಲ್ಲ. ರೋಗಾಣುಗಳೇ ಕಾಯಿಲೆ ತರುತ್ತವೆ ಅನ್ನುವ ಹೊಸ ವಿಚಾರವನ್ನು ಅವರು ಅನುಮಾನದಿಂದಲೇ ನೋಡಿದರು. ಹೆರಿಗೆ ಮಾಡಿಸುವ ವೈದ್ಯರು ಕೈ ತೊಳೆಯಬೇಕು ಅಂದ ಸೆಮ್ಮೆಲ್‌ವೈಸ್ ಅವರ ಮಾತಿಗೆ ಬೆಲೆ ಕೊಡಲಿಲ್ಲ. ನಿಯಾಂಡರ್ತಲ್ ಮಾನವನ ತಲೆಬುರುಡೆಯನ್ನು ಕಾಯಿಲೆಯಿಂದ ವಿಕಾರಗೊಂಡ ಈಚಿನ ಮನುಷ್ಯನದು ಅಂದರು. ದೊಡ್ಡ ವಿಜ್ಞಾನಿ ಹೇಳಿದ್ದಾರೆ ಅಂದ ಮಾತ್ರಕ್ಕೆ ಒಂದು ಮಾತು ನಿಜವಾಗುವುದಿಲ್ಲ ಅನ್ನುವುದಕ್ಕೆ ಅವರೇ ಉದಾಹರಣೆ.

1902ರ ಜನವರಿ 4ರಂದು, 80 ವರ್ಷದ ವಿರ್ಚೋ ಬರ್ಲಿನ್‌ನ ಬೀದಿಯಲ್ಲಿ ಇನ್ನೂ ನಿಲ್ಲದ ಟ್ರಾಮ್‌ನಿಂದ ಇಳಿಯಲು ಹೋಗಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ಹೃದಯ ಸೋತು ತೀರಿಕೊಂಡರು.

ಎರಡು ದಾರಿಗಳು ಕೂಡಿದ್ದು ಎಲ್ಲಿ?

ವಿರ್ಚೋ ಕಾಲದಲ್ಲಿ ಹಾರ್ಟ್ ಅಟ್ಯಾಕ್ ಅನ್ನುವ ಕಾಯಿಲೆಯನ್ನು ವೈದ್ಯರು ಇನ್ನೂ ಸರಿಯಾಗಿ ಗುರುತಿಸುತ್ತಿರಲಿಲ್ಲ. ಬದುಕಿರುವ ರೋಗಿಯಲ್ಲಿ ಅದನ್ನು ಹೇಗೆ ಪತ್ತೆ ಮಾಡುವುದು ಅಂತ ಷಿಕಾಗೋದ ಜೇಮ್ಸ್ ಹೆರಿಕ್ ಸ್ಪಷ್ಟವಾಗಿ ವಿವರಿಸಿದ್ದು 1912ರಲ್ಲಿ. ಹಾಗಾಗಿ ಹೆಪ್ಪಿನ ವಿಜ್ಞಾನ ಒಂದು ಕಡೆ, ಬಡತನದ ವಿಜ್ಞಾನ ಇನ್ನೊಂದು ಕಡೆ ಉಳಿದವು. ಇವು ಮೂರು ಹಂತಗಳಲ್ಲಿ ಹತ್ತಿರ ಬಂದವು.

ಮೊದಲನೆಯದು ಲಂಡನ್‌ನಲ್ಲಿ. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಹದಿನೇಳು ಸಾವಿರಕ್ಕೂ ಹೆಚ್ಚು ಪುರುಷ ಸರ್ಕಾರಿ ನೌಕರರನ್ನು ಗಮನಿಸಿತು. ಎಲ್ಲರಿಗೂ ಕಾಯಂ ಕೆಲಸ, ಎಲ್ಲರೂ ಒಂದೇ ನಗರದವರು. ಆದರೂ ಏಳೂವರೆ ವರ್ಷದಲ್ಲಿ ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ 3.6 ಪಟ್ಟು ಇತ್ತು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ಈ ಅಂತರದ ಅರ್ಧಕ್ಕೂ ವಿವರಣೆ ಸಿಗಲಿಲ್ಲ. ಸಾಹೇಬರ ಕಾಯಿಲೆ ಅಂದುಕೊಂಡಿದ್ದು ಜವಾನರನ್ನು ಹೆಚ್ಚು ಕೊಲ್ಲುತ್ತಿತ್ತು.

ಎರಡನೆಯದು ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ಹಳೆಯ ದಾಖಲೆಗಳಿದ್ದವು. ಬ್ರಿಟನ್ನಿನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ದಾಖಲೆಯಲ್ಲಿದ್ದ 517 ಮಂದಿಯನ್ನು ದೊಡ್ಡವರಾದ ಮೇಲೆ ಪತ್ತೆ ಹಚ್ಚಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3ರಷ್ಟು ಮಂದಿಗೆ ಹೃದ್ರೋಗ ಇತ್ತು. ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಶೇ. 11. ಮಗುವಿನ ತೂಕವೂ ಕಡಿಮೆ, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದ ಕಡೆ ಶೇ. 20. ಅಂದರೆ ಹೊಟ್ಟೆಗೆ ಸರಿಯಾಗಿ ಸಿಗದ ತಾಯಿಯ ಬಡತನ, ಮಗುವಿನ ಹೃದಯದಲ್ಲಿ ನಲವತ್ತು ಐವತ್ತು ವರ್ಷಗಳ ನಂತರ ಕಾಣಿಸಿಕೊಳ್ಳಬಹುದು.

ಮೂರನೆಯದು ಬೆಂಗಳೂರಿನಿಂದ. ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರ ಮುಂದಾಳತ್ವದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಹಾರ್ಟ್ ಅಟ್ಯಾಕ್ ಅಥವಾ ಅದರ ಮುನ್ಸೂಚನೆಯ ಎದೆನೋವಿನೊಂದಿಗೆ ಬಂದ 20,468 ರೋಗಿಗಳ ಮಾಹಿತಿ ಕಲೆಹಾಕಲಾಯಿತು. ಕ್ರಿಯೇಟ್ ಎಂಬ ಈ ಅಧ್ಯಯನ ಪ್ರಕಟವಾಗಿದ್ದು 2008ರಲ್ಲಿ. 30 ದಿನಗಳೊಳಗೆ ಸತ್ತವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಆಂಜಿಯೋಪ್ಲಾಸ್ಟಿ ಸಿಕ್ಕಿದ್ದು ಶ್ರೀಮಂತರಲ್ಲಿ ಶೇ. 15 ಮಂದಿಗೆ, ಬಡವರಲ್ಲಿ ಶೇ. 2 ಮಂದಿಗೆ. ಮುಖ್ಯವಾದದ್ದು ಇದು: ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾವಿನ ಈ ಅಂತರವೇ ಇಲ್ಲವಾಯಿತು. ಬಡವರು ಹೆಚ್ಚು ಸತ್ತದ್ದು ಅವರ ಹೃದಯ ಬೇರೆ ಥರ ಇದ್ದುದಕ್ಕಲ್ಲ. ಹೆಪ್ಪು ಬಿಡಿಸುವ ಚಿಕಿತ್ಸೆ ಅವರಿಗೆ ಸಿಗಲಿಲ್ಲ.

ಹಾಗಾದರೆ ಹಳೆಯ ನಂಬಿಕೆಯಲ್ಲಿ ಒಂದಿಷ್ಟೂ ನಿಜ ಇಲ್ಲವೇ? ಸ್ವಲ್ಪ ಇದೆ. ಬೊಜ್ಜು, ಕೊಲೆಸ್ಟ್ರಾಲ್‌ನಂಥ ಅಪಾಯಗಳು ಉಳ್ಳವರಲ್ಲಿ ಹೆಚ್ಚು ಇರಬಹುದು. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಪ್ಯೂರ್ ಅಧ್ಯಯನ 2014ರಲ್ಲಿ ತೋರಿಸಿದ್ದೂ ಅದನ್ನೇ: ಶ್ರೀಮಂತ ದೇಶಗಳಲ್ಲಿ ಹೃದ್ರೋಗದ ಅಪಾಯಕಾರಿ ಅಂಶಗಳು ಹೆಚ್ಚು, ಆದರೆ ಹೃದ್ರೋಗದ ಸಾವು ಕಡಿಮೆ. ಬಡ ದೇಶಗಳಲ್ಲಿ ಅಂಥ ಅಂಶಗಳು ಕಡಿಮೆ, ಸಾವು ಹೆಚ್ಚು. ಭಾರತವೂ ಆ ಪಟ್ಟಿಯಲ್ಲಿತ್ತು. ಉಳ್ಳವರಿಗೆ ಬಿಪಿ ಬೇಗ ಗೊತ್ತಾಗುತ್ತದೆ, ಮಾತ್ರೆ ತಪ್ಪುವುದಿಲ್ಲ, ಅಟ್ಯಾಕ್ ಆದರೆ ಬೇಗ ಆಸ್ಪತ್ರೆ ಸೇರುತ್ತಾರೆ. ದಿನಗೂಲಿಯವರಿಗೆ ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಬಿಪಿ ಇದ್ದರೂ ಗೊತ್ತಿರುವುದಿಲ್ಲ. ಗೊತ್ತಿದ್ದರೂ ತಲೆ ಸುತ್ತಿದಾಗ ಮಾತ್ರ ಮಾತ್ರೆ. ನಿದ್ದೆ, ಹಸಿವು ತಡೆಯಲು ಗುಟ್ಕಾ, ಬೀಡಿ. ಇದು ಸೋಮಾರಿತನದ ಲೆಕ್ಕ ಅಲ್ಲ, ಸಂಪಾದನೆಯ ಲೆಕ್ಕ.

ಮೋಮಿನಪುರದಿಂದ ಕಮಲಾಪುರದವರೆಗೆ

ಕ್ರಿಯೇಟ್ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆ ಇದೆ. ದೊಡ್ಡ ಥರದ ಅಟ್ಯಾಕ್ ಆದವರು ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಸಮಯ ನಡುವಿನ ಲೆಕ್ಕದಲ್ಲಿ 360 ನಿಮಿಷ. ಆರು ಗಂಟೆ! ದಾರಿ ಮುಚ್ಚಿದ ನಾಳದ ಆಚೆ ಹೃದಯದ ಸ್ನಾಯು ಅಷ್ಟು ಹೊತ್ತಿನಲ್ಲಿ ಬಹುಪಾಲು ಸತ್ತಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಒಂದೆರಡು ಗಂಟೆಗಳಲ್ಲಿ ಸಿಕ್ಕರೆ ಲಾಭ ಎಲ್ಲಕ್ಕಿಂತ ಹೆಚ್ಚು.

ನಮ್ಮ ಭಾಗದ ಹೃದ್ರೋಗಿಗಳು ದೊಡ್ಡ ಚಿಕಿತ್ಸೆಗೆ ಹಿಂದೆ ಹೈದರಾಬಾದ್, ಸೋಲಾಪುರ ಅಥವಾ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನ ಕಡೆ ನೋಡಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ ಉದ್ಘಾಟನೆಯಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ಆ ಸಂಖ್ಯೆ ನೆನಪಿಸುತ್ತದೆ. ಅಸಮಾನತೆ ತಗ್ಗಿಸುವ ಕಾನೂನು ಆಸ್ಪತ್ರೆಯ ಹಾಸಿಗೆಯೂ ಆಗಬೇಕು ಅನ್ನುವುದು ವಿರ್ಚೋ ಒಪ್ಪುವಂಥ ವಿಚಾರ. 46ನೇ ವಯಸ್ಸಿನಲ್ಲಿ ನಮ್ಮನ್ನು ಅಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರು ಅದನ್ನು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಗ್ಯಾಸ್ ಅಂದುಕೊಂಡು ಮನೆಯಲ್ಲೇ ಮಲಗಿದವರಿಗೆ ಇದ್ಯಾವುದೂ ತಲುಪುವುದಿಲ್ಲ.

ಹಾಗಾಗಿ ಇಷ್ಟು ನೆನಪಿಟ್ಟುಕೊಳ್ಳಿ.

ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ ಕೆಲವು ನಿಮಿಷ ಕಳೆದರೂ ಹೋಗದಿದ್ದರೆ, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಇಳಿದರೆ, ತಣ್ಣನೆ ಬೆವರು ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಬರೀ ಸುಸ್ತು, ವಾಕರಿಕೆ, ಉಸಿರಾಟದ ತೊಂದರೆಯಾಗಿಯೂ ಅಟ್ಯಾಕ್ ಬರಬಹುದು.

ಕೆಮ್ಮುತ್ತಾ ಕೂರಬೇಡಿ. ಕೆಮ್ಮಿನಿಂದ ಹೆಪ್ಪು ಕರಗುವುದಿಲ್ಲ. ಅಮೆರಿಕದ ಹಾರ್ಟ್ ಅಸೋಸಿಯೇಷನ್ ಕೂಡ ಆ ವಿಧಾನವನ್ನು ಜನಸಾಮಾನ್ಯರಿಗೆ ಶಿಫಾರಸು ಮಾಡಿಲ್ಲ. ಊಟದ ಮೇಲಿನ ತಣ್ಣೀರಿನಿಂದ ಅಟ್ಯಾಕ್ ಆಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ.

ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಆ ಇಂಜೆಕ್ಷನ್ ಸಿಗುತ್ತದೆ ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ. 30 ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಆಕೆಯ ಊಟದ ತಟ್ಟೆ ಕೊನೆಯಲ್ಲಿ ಬಡಿಸುವ ತಟ್ಟೆ ಆಗದಿರಲಿ. ಅದು ಮುಂದೆ ಹುಟ್ಟುವ ಮಗುವಿನ ಹೃದಯದ ಊಟವೂ ಹೌದು.

ಹಾರ್ಟ್ ಅಟ್ಯಾಕ್ ಶ್ರೀಮಂತರ ಕಾಯಿಲೆ ಅನ್ನುವುದು ಅರ್ಧ ಸುಳ್ಳು. ಅದು ಯಾರಿಗೂ ಬರಬಹುದು, ಬಂದಮೇಲೆ ಕೈಯಲ್ಲಿ ಕಾಸಿಲ್ಲದವರನ್ನು ಹೆಚ್ಚು ಕೊಲ್ಲುತ್ತದೆ. ಈ ಲೇಖನ ಓದಿದ ಮೇಲೆ ಯಾರಿಗಾದರೂ ಕಳಿಸಬೇಕು ಅನ್ನಿಸಿದರೆ, ದಿನಗೂಲಿಗೆ ಹೋಗುವ ನಿಮ್ಮ ಪರಿಚಯದವರೊಬ್ಬರಿಗೆ ಮೊದಲು ಕಳಿಸಿ. ಓದಲು ಬಾರದವರಾದರೆ ಓದಿ ಹೇಳಿ.